ವಾಟೆ ಬಲಿಯುವ ಮೊದಲು

ಅತ್ತೆಯ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಅತ್ತೆ ಎಂದರೆ ಸೋದರಮಾವನ ಹೆಂಡತಿ, ಗಂಡನ ತಾಯಿಯಲ್ಲ. ಅದೂ ಆಗಬೇಕು ಎಂಬುದು ಅವಳ ಆಸೆಯಾಗಿತ್ತು. ಜಗಳ ಹುಟ್ಟಿದ್ದೂ ಅಲ್ಲಿಂದಲೇ.

ಆಗ ನಾನು ಕಲಬುರಗಿಯಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಮಾವಿನ ಮಿಡಿ ಹಣ್ಣಾಗುವವರೆಗೆ ಒಳಗೆ ಏನೇನು ಬದಲಾಗುತ್ತದೆ ಎಂಬುದೇ ನನ್ನ ಪ್ರಾಜೆಕ್ಟ್. ಮರ ಕಮಲಾಪುರದಲ್ಲಿ, ಮಾವನ ಹೊಲದ ಬಾವಿಯ ಪಕ್ಕ. ಒಂದೇ ದಿನ ಕಾಯಿಗಟ್ಟಿದ ಮಿಡಿಗಳಿಗೆಲ್ಲ ಕೆಂಪು ದಾರ ಕಟ್ಟಿದ್ದೆ. ಪ್ರತಿ ಭಾನುವಾರ ಬಸ್ಸಿನಲ್ಲಿ ಹೋಗಿ ನಾಲ್ಕು ಕಾಯಿ ಕಿತ್ತು ತಂದು ಹುಳಿ, ಪಿಷ್ಟ, ಸಕ್ಕರೆ ಅಳೆಯುತ್ತಿದ್ದೆ. ಒಳಗಿನ ವಾಟೆ, ಅಂದರೆ ಗೊರಟೆ, ಇನ್ನೂ ಎಳೆಯದು; ಚಾಕು ಅದನ್ನೂ ಸೌತೆಕಾಯಿಯಂತೆ ಸೀಳುತ್ತಿತ್ತು. ವಾರ ಕಳೆದಂತೆ ಹುಳಿ ಏರಿತು, ಪಿಷ್ಟ ಕೂಡತೊಡಗಿತು. ಇನ್ನು ವಾಟೆ ಗಟ್ಟಿಯಾಗಬೇಕು, ಹುಳಿ ಇಳಿಯಬೇಕು, ಪಿಷ್ಟ ಸಕ್ಕರೆಯಾಗಬೇಕು. ಆ ಕೊನೆಯ ವಾರಗಳ ಅಳತೆಯಿಲ್ಲದೆ ಪ್ರಾಜೆಕ್ಟ್ ಇಲ್ಲ, ಪ್ರಾಜೆಕ್ಟ್ ಇಲ್ಲದೆ ಡಿಗ್ರಿ ಇಲ್ಲ. ಮಾವು ಮತ್ತೆ ಹೂ ಬಿಡುವುದು ಮುಂದಿನ ವರ್ಷವೇ.

ಇದನ್ನೆಲ್ಲ ಅತ್ತೆಗೆ ಬಿಡಿಸಿ ಹೇಳಿದವಳು ನಾನೇ, ಹುಚ್ಚಿ.

ಅತ್ತೆಯ ಉಪ್ಪಿನಕಾಯಿಗೆ ಊರಲ್ಲಿ ಹೆಸರಿತ್ತು. ವರ್ಷ ಕಳೆದರೂ ಹೋಳು ಮೆತ್ತಗಾಗುತ್ತಿರಲಿಲ್ಲ. "ವಾಟಿ ಬಲಿಯೋತನಕಾ ಕಾಯಿಗಿ ಕೈ ಹಚ್ಚಬಾರದು. ಹೋಳ ಹಿಡಕೊಂಡು ನಿಂದರಸೋದು ಅದೇ" ಎಂದು ನನಗೇ ಪಾಠ ಹೇಳುತ್ತಿದ್ದಳು.

ಒಂದು ಭಾನುವಾರ ಮರದ ಕೆಳಗೇ ಕೇಳಿದಳು: "ನನ್ನ ಮಗನ್ನ ಮಾಡ್ಕೋತಿಯೋ ಇಲ್ಲೋ? ಇವತ್ತ ಹೇಳಿಬಿಡು."

"ಇಲ್ರಿ ಅತ್ತಿ. ನಂಗ ಮನಸ್ಸಿಲ್ಲ."

"ನಮ್ಮ ಗಿಡ ಬೇಕು, ನಮ್ಮ ಮಗ ಬ್ಯಾಡ" ಎಂದು ಮನೆಯ ಕಡೆ ನಡೆದಳು.

ಮುಂದಿನ ಭಾನುವಾರ ಮರದಲ್ಲಿ ಒಂದು ಕೆಂಪು ದಾರವೂ ಇರಲಿಲ್ಲ. ದಾರ ಕಟ್ಟದ ಕಾಯಿಗಳು ಮಾತ್ರ ಹಾಗೇ ತೂಗುತ್ತಿದ್ದವು; ಎಷ್ಟು ದಿನದವೋ ಗೊತ್ತಿಲ್ಲದ ಅವು ನನ್ನ ಅಳತೆಗೆ ಬರುತ್ತಿರಲಿಲ್ಲ. ಅಡುಗೆಮನೆಯಲ್ಲಿ ಉಪ್ಪು ಹಚ್ಚಿದ ಹೋಳುಗಳ ಜಾಡಿ, ಅದರ ಪಕ್ಕ ದಾರಗಳ ಉಂಡೆ.

"ಗೊತ್ತಾಗಲಿಲ್ಲವ್ವಾ, ಕೈಗಿ ಸಿಕ್ಕಿದ್ದು ಹರದೀನಿ" ಎಂದಳು ಅತ್ತೆ. ನನಗೆ ಮೈಯೆಲ್ಲ ಉರಿಯಿತು. ಮಾವ ತಲೆ ತಗ್ಗಿಸಿ, "ಸಿಟ್ಟಿನ್ಯಾಗ ಕೊಯ್ದ ಮೂಗು ಶಾಂತ ಆದ ಮ್ಯಾಲ ಬರ್ತದೇನು" ಎಂದ. ಅದನ್ನು ಅವಳಿಗೆ ಹೇಳಿದನೋ ನನಗೋ ತಿಳಿಯಲಿಲ್ಲ. ನನ್ನ ಒಂದು ವರ್ಷ ಹೋಯಿತು.

ನಾಲ್ಕು ತಿಂಗಳ ಮೇಲೆ ಅವಳ ಮಗನಿಗೆ ಬೇರೆ ಹುಡುಗಿ ಗೊತ್ತಾಗಿ ಬೀಗರು ಊಟಕ್ಕೆ ಬಂದರು. ಅವ್ವನ ಒತ್ತಾಯಕ್ಕೆ ನಾನೂ ಹೋಗಿದ್ದೆ. ಅತ್ತೆ ಅದೇ ಜಾಡಿ ತೆರೆದಳು. ಹೋಳುಗಳು ಬೇಯಿಸಿದ ಬದನೆಯಂತೆ ಬೆರಳಲ್ಲೇ ಕಲಸಿಹೋದವು. ಬೀಗತಿ ಅದನ್ನು ತಟ್ಟೆಯ ಅಂಚಿಗೆ ಸರಿಸಿದಳು.

"ಈ ವರ್ಷದ ಕಾಯೇ ಚಲೋ ಇರಲಿಲ್ಲ ನೋಡ್ರಿ" ಎಂದ ಅತ್ತೆ ನನ್ನತ್ತ ತಿರುಗಿದಳು. "ಕಲತಾಕಿ ಇದ್ದಿ, ನೀನರ ಹೇಳು."

"ಕಾಯಿ ಚಲೋ ಇತ್ತು ಅತ್ತಿ. ವಾಟಿ ಬಲಿತಿರಲಿಲ್ಲ. ನಿಮಗ ಗೊತ್ತಿಲ್ಲದ್ದೇನದ?"

ಅವಳ ಮುಖ ಕಪ್ಪಿಟ್ಟಿತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇನ್ನೊಂದಿಷ್ಟು ಹಾಕ್ರಿ ಎಂದು ತಟ್ಟೆ ಚಾಚಿದೆ. ಬೀಗರ ಮುಂದೆ ಅವಳು ಹಾಕಲೇಬೇಕಾಯಿತು. ನನ್ನ ಒಂದು ವರ್ಷವನ್ನು ಅವಳೆದುರೇ ಕೂತು, ರೊಟ್ಟಿಗೆ ಹಚ್ಚಿಕೊಂಡು, ತಿಂದು ಮುಗಿಸಿದೆ.