ಮಾಫಿ ಬರೆಯದ ಕಾಕಾ

ಕಾಕಾ ಅವರ ಖಾಕಿ ಅಂಗಿಯ ಕಿಸೆಯಲ್ಲಿ ಪೆನ್ನಿನ ಬಾಜು ಗೇಣುದ್ದದ ತಾಮ್ರದ ತಂತಿ ಸದಾ ಇರುತ್ತಿತ್ತು. ದಿನಾ ಬೆಳಿಗ್ಗೆ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳೆಯಿಸಿಕೊಂಡು ಬರುತ್ತಿದ್ದರು.

ಎಂಬತ್ತರ ದಶಕದಲ್ಲಿ ಅಣ್ಣಿಗೇರಿ ಸೀಮೆಯ ವಿದ್ಯುತ್ ಸ್ಟೇಶನ್ನಿಗೆ ನಾನು ಎಂಜಿನಿಯರಾಗಿ ಬಂದಾಗ ಅವರು ಅಲ್ಲಿನ ಹಳೆಯ ಆಪರೇಟರು, ಎಲ್ಲರಿಗೂ ಕಾಕಾ. ಹುದ್ದೆಯಲ್ಲಿ ನಾನು ಮೇಲೆ, ಹೆಂಗಸಾದ್ದರಿಂದ ಅವರಿಗೆ 'ಬಾಯಾರು'. ಬಂದ ವಾರವೇ ಕೆಟ್ಟ ಮೀಟರೊಂದನ್ನು ಬಿಚ್ಚಲು ಕೈಹಾಕಿದೆ. ಕಾಕಾ ಫಟ್ಟನೆ ನನ್ನ ಕೈಗೆ ಹೊಡೆದರು, ಅದೂ ಎಲ್ಲರೆದುರು!

"ಬಾಯಾರ, ಲೈನ್ ಚಾಲೂ ಐತಿ. ಸಿ.ಟಿ. ತಂತಿ ಹಂಗ ಬಿಚ್ಚಿದ್ರ ಸುಟ್ಟ ಹೋಗ್ತೀರಿ. ಮೊದಲ ಎರಡೂ ತುದಿ ಕೂಡಸ್ರಿ, ಆಮ್ಯಾಲೆ ಬಿಚ್ರಿ."

ತಮ್ಮ ತಂತಿಯನ್ನೇ ಹಚ್ಚಿ ತೋರಿಸಿದರು. ಲೈನಿನ ಭಾರಿ ಕರೆಂಟನ್ನು ಮೀಟರು, ರಿಲೇಗಳು ತಾಳುವಷ್ಟು ಸಣ್ಣದಾಗಿಸಿ ಕೊಡುವುದು ಸಿ.ಟಿ. ಅದನ್ನು ನಾನೂ ಪುಸ್ತಕದಲ್ಲಿ ಓದಿದ್ದೆ, ಕೈಗೆ ಮಾತ್ರ ಗೊತ್ತಿರಲಿಲ್ಲ. ಎರಡು ದಿನ ಅವರ ಮೇಲೆ ಸಿಟ್ಟಿನಲ್ಲಿದ್ದೆ.

ಹತ್ತಿ ಸುಗ್ಗಿಯ ಒಂದು ಮಧ್ಯಾಹ್ನ ಶಲವಡಿ ಕಡೆಯ ಲೈನು ಮೂರು ಸಲ ಟ್ರಿಪ್ಪಾಯಿತು. ಎಲ್ಲೋ ಕರೆಂಟು ನೆಲಕ್ಕೆ ಹರಿಯುತ್ತಿದೆಯೆಂದು, ದೋಷ ಕಂಡರೆ ಲೈನು ಕಡಿಯುವ ರಿಲೇ ಹೇಳುತ್ತಿತ್ತು. ಅದೇ ಲೈನಿನ ಮೇಲಿದ್ದ ಜಿನ್ನಿಂಗ್ ಮಿಲ್ಲು ನಿಂತಿತು. ಮಾಲೀಕರು ಮೇಲಿನ ಸಾಹೇಬರಿಗೆ ಫೋನು ಹಚ್ಚಿದರು, ಸಾಹೇಬರು ನನಗೆ.

"ಸಿ.ಟಿ.ಗೆ ತಂತಿ ಹಚ್ಚಿ ರಿಲೇ ಸುಮ್ನಾಗಸ್ರಿ. ಲೈನ್ ಹಾಕ್ರಿ."

ಹಾಗೆ ಮಾಡಿದರೆ ರಿಲೇಗೆ ಕರೆಂಟೇ ಕಾಣುವುದಿಲ್ಲ, ಟ್ರಿಪ್ಪೂ ಆಗುವುದಿಲ್ಲ. ಹೊಸ ನೌಕರಿ, ಹೆದರಿದೆ. "ಹಚ್ಚಿಬಿಡ್ರಿ ಕಾಕಾ" ಎಂದೆ.

ಅವರು ಪ್ಯಾನೆಲ್ಲಿಗೆ ಬೆನ್ನು ಕೊಟ್ಟು ನಿಂತರು. "ಈ ತಂತಿ ಜೀವಾ ಉಳಸಾಕ ಇಟ್ಕೊಂಡೀನ್ರಿ, ರಿಲೇ ಕಣ್ಣ ಕಟ್ಟಾಕಲ್ಲ. ಲೈನ್ ನೋಡಿ ಬರೂತನಕಾ ಹಾಕೂದಿಲ್ಲ. ಬೇಕಾದ್ರ ನೌಕರಿ ತಗೀರಿ."

ಸೈಕಲ್ ಮೇಲೆ ಹೋದ ಲೈನ್‌ಮನ್ ತಿರುಗಿ ಬಂದು ಸುದ್ದಿ ಹೇಳಿದ. ತಂತಿ ಕಂಬದಿಂದ ಕಳಚಿ ಹೊಲದ ಬದುವಿನ ಜಾಲಿಗಿಡದ ಮೇಲೆ ಬಿದ್ದಿತ್ತು. ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಆಗತಾನೇ ಅದರ ನೆರಳಿಗೆ ಬಂದು ಬುತ್ತಿ ಬಿಚ್ಚಿದ್ದರಂತೆ.

ಸಾಹೇಬರಿಗೆ ಅದು ಯಾವ ಲೆಕ್ಕ? ಆದೇಶ ಮೀರಿದ್ದಕ್ಕೆ ಮಾಫಿ ಬರೆದುಕೊಡಬೇಕೆಂದರು. "ತಪ್ಪ ಯಾವುದು ತೋರಸ್ರಿ, ಬರೀತೀನಿ" ಎಂದರು ಕಾಕಾ. ಅವರನ್ನು ಕಲಘಟಗಿಗೆ ಎತ್ತಿಹಾಕಿದರು.

ಮರುವರ್ಷ ಅಂಥದೇ ಫೋನು ಬಂತು. "ಆಗೂದಿಲ್ರಿ" ಎಂದುಬಿಟ್ಟೆ. ಹೆಮ್ಮೆಯಿಂದ ಕಲಘಟಗಿಗೆ ಫೋನು ಮಾಡಿ ಕಾಕಾ ಅವರಿಗೆ ಹೇಳಿದರೆ ಬೈಸಿಕೊಂಡೆ. "ಇದನ್ನ ಹೇಳಾಕ ಫೋನ್ ಮಾಡೀರೇನ್ರಿ? ಲೈನ್ ನೋಡಾಕ ಮಂದೀನ ಕಳಿಸೀರೋ ಇಲ್ಲೋ?" ನಾನಿನ್ನೂ ಕಳಿಸಿರಲಿಲ್ಲ.

ನಿವೃತ್ತಿಗೆ ಮೊದಲೇ ಅವರು ಅಲ್ಲೇ ತೀರಿಕೊಂಡರು. ಮಾಫಿ ಬರೆಯಲೇ ಇಲ್ಲ. ಆಮೇಲೆ ನನಗೂ ಮೂರು ಸಲ ಎತ್ತಂಗಡಿಯಾಯಿತು, ಆಗಲಿ. ಸಾಹೇಬರನ್ನು ಬೈಯುವುದು ಸುಲಭ. ಆದರೆ ಆ ಮಧ್ಯಾಹ್ನ "ಹಚ್ಚಿಬಿಡ್ರಿ" ಎಂದ ಬಾಯಿ ನನ್ನದು. ಕಾಕಾ ನನ್ನ ಮಾತು ಕೇಳಲಿಲ್ಲ, ಅದಕ್ಕೇ ಇಂದಿಗೂ ನನಗೆ ನಿದ್ದೆ ಬರುತ್ತದೆ.