ಸಿದ್ದಮ್ಮನ ಪಾಲಿನ ಧೂಳು

ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಆಗ ನಾನು ಚಾಮರಾಜನಗರದಲ್ಲಿ ಸಮೀಕ್ಷಾ ಅಧಿಕಾರಿ. ಕಾರ್ಮಿಕರ ಸುರಕ್ಷತೆಗೆ, ಪರಿಸರ ರಕ್ಷಣೆಗೆ ಕಾರ್ಖಾನೆಗಳು ಎಷ್ಟು ಖರ್ಚು ಮಾಡಿವೆ ಎಂದು ವರ್ಷಕ್ಕೊಮ್ಮೆ ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಆ ಅಂಕಿಗಳೆಲ್ಲ ದಿಲ್ಲಿಗೆ ಹೋಗಿ ದೇಶದ ಒಟ್ಟು ಲೆಕ್ಕಕ್ಕೆ ಸೇರುತ್ತಿದ್ದವು.

ಗುಂಡ್ಲುಪೇಟೆ ಹತ್ತಿರ ಒಂದು ಅರಿಶಿನ ಪಾಲಿಷ್ ಘಟಕ. ಬೇಯಿಸಿ ಒಣಗಿಸಿದ ಕೊಂಬನ್ನು ತಿರುಗುವ ಡ್ರಮ್ಮಿಗೆ ಹಾಕಿ ಸಿಪ್ಪೆ ಉಜ್ಜಿ ತೆಗೆಯುತ್ತಾರೆ. ಮಾಲೀಕ ಗುರುಮಲ್ಲಪ್ಪ ಬಿಲ್ ತೋರಿಸಿದರು: ಧೂಳು ಹೀರಿ ಚೀಲಕ್ಕೆ ತುಂಬುವ ಯಂತ್ರ, ನಾಲ್ಕು ಲಕ್ಷ ಹತ್ತು ಸಾವಿರ ರೂಪಾಯಿ. ಬರೆದುಕೊಂಡೆ. ಸಹಿ ಹಾಕಿಸಿ ಹೊರಡಬೇಕು, ಅಷ್ಟರಲ್ಲಿ ಒಳಗಿನಿಂದ ಕೆಮ್ಮು. ನಿಲ್ಲುತ್ತಲೇ ಇಲ್ಲ. ಹೋಗಿ ನೋಡಿದರೆ ಶೆಡ್ಡೆಲ್ಲ ಹಳದಿ ಧೂಳು. ಕೆಲಸದ ಸಿದ್ದಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಗೋಡೆ ಹಿಡಿದು ನಿಂತಿದ್ದರು. ಯಂತ್ರದ ಮೇಲೆ ಆಯುಧಪೂಜೆಯ ಒಣ ಹೂವು. ಸ್ವಿಚ್ ಆಫ್!

ನನ್ನ ಮೈಯೆಲ್ಲ ಉರಿದುಹೋಯಿತು. "ಕರೆಂಟ್ ಬಿಲ್ ಉಳಿಸೋಕೆ ಇವರ ಉಸಿರು ತೆಗೀತೀರೇನ್ರೀ?" ಎಂದು ಎಲ್ಲರೆದುರು ಕೂಗಾಡಿದೆ. ಗುರುಮಲ್ಲಪ್ಪನವರ ಮುಖ ಸಣ್ಣದಾಯಿತು. ಉತ್ತರ ಕೊಟ್ಟದ್ದು ಸಿದ್ದಮ್ಮ.

"ಅವ್ರ್ನ ಬಯ್ಬೇಡಿ ಸಾ. ಆಪ್ ಮಾಡ್ಬುಡಿ ಅಂದೋಳು ನಾನೇಯ. ಸಂಜೆ ಗುಡಿಸ್ದಾಗ ಸಿಕ್ಕೋ ಧೂಳು ನಮ್ದು, ನಮ್ಮವ್ವನ ಕಾಲದಿಂದ್ಲೂವೆ. ಮಿಸೀನು ಓಡುದ್ರೆ ಎಲ್ಲಾ ಚೀಲಕ್ಕೆ ಓಯ್ತದೆ. ಆಮೇಕೆ ನಮ್ಗೇನ್ ಉಳೀತದೆ?"

ಆ ಧೂಳು ಹೊಸ್ತಿಲಿಗೆ, ದನದ ಗಾಯಕ್ಕೆ ಆಗುತ್ತಿತ್ತು. ಮಿಕ್ಕಿದ್ದನ್ನು ಮಾರಿದರೆ ಹಬ್ಬಕ್ಕೊಂದು ಸೀರೆ. ಅದನ್ನು ಬಿಡಲಾರದೆ ಆ ತಾಯಿ ಧೂಳು ಕುಡಿಯುತ್ತಿದ್ದರು.

"ಚೀಲದ್ದನ್ನ ನೀವೇನು ಮಾಡ್ತೀರಿ?" ಎಂದು ಮಾಲೀಕರನ್ನು ಕೇಳಿದೆ.

"ಎರಡ್ ದಿನ ಓಡ್ಸ್ದಾಗ ತುಂಬಿದ್ ಚೀಲ ಅಗೋ ನೋಡಿ ಸಾ, ಮೂಲೇಲೇ ಬಿದ್ದದೆ. ಅದು ನಂಗ್ಯಾಕೆ?" ಎಂದವರು ಸಿದ್ದಮ್ಮನ ಕಡೆ ತಿರುಗಿದರು. "ಅಯ್ಯೋ, ಇದ್ಕಾ ಬ್ಯಾಡ ಅಂದಿದ್ದು? ನಂಗೊಂದ್ ಮಾತು ಏಳ್ಬಾರ್ದಾ? ಚೀಲ ಪೂರ್ತಿ ನೀವೇ ತಕ್ಕೊಂಡೋಗಿ ಕಣಮ್ಮ."

ಸಿದ್ದಮ್ಮ ಒಣ ಹೂವು ತೆಗೆದು ತಾವೇ ಸ್ವಿಚ್ ಒತ್ತಿದರು. ದುಡುಕಿದ್ದಕ್ಕೆ ನಾನು ಗುರುಮಲ್ಲಪ್ಪನವರ ಕ್ಷಮೆ ಕೇಳಿದೆ. ಅವರು ಬೇಜಾರು ಮಾಡಿಕೊಳ್ಳದೆ ಕಾಫಿ ತರಿಸಿದರು.

ಮರುವರ್ಷ ಅದೇ ಫಾರಂ ಹಿಡಿದು ಹೋದೆ. ಅಷ್ಟರಲ್ಲಿ ಒಂದು ಪಾಠ ಕಲಿತಿದ್ದೆ, ಬಿಲ್ ನೋಡುವ ಮೊದಲು ನೇರ ಶೆಡ್ಡಿಗೆ ನಡೆದೆ. ಯಂತ್ರ ಓಡುತ್ತಿತ್ತು. "ಏನ್ ಸಾ, ಈ ಸಲ ಯಾರ್ನ ಬಯ್ಯಕ್ಕೆ ಬಂದ್ರಿ?" ಎಂದು ಸಿದ್ದಮ್ಮ ನಕ್ಕರು. ಕೆಮ್ಮಿರಲಿಲ್ಲ.

ಆಮೇಲೆ ಆಫೀಸಿನಲ್ಲಿ ಕೂತು, ಸುರಕ್ಷತೆಗೆ ಈ ವರ್ಷ ಹೊಸದಾಗಿ ಏನು ಕೊಂಡಿರಿ ಎಂದು ಕೇಳಿದೆ. "ಏನೂ ಇಲ್ಲ ಸಾ" ಎಂದರು ಗುರುಮಲ್ಲಪ್ಪ.

ಸೊನ್ನೆ ಬರೆದುಕೊಂಡೆ. ಅಷ್ಟು ಸಂತೋಷದಿಂದ ನಾನು ಯಾವ ಅಂಕಿಯನ್ನೂ ಬರೆದವನಲ್ಲ.