ನಿರ್ಜಲ ಏಕಾದಶಿಯ ಬಸ್ಸು

ಇವತ್ತು ಬೆಳಿಗ್ಗೆ ಕೆಂಗೇರಿ ಬಳಿಯ ಉಲ್ಲಾಳದ ಸ್ಟಾಪಿನಲ್ಲಿ ನಿಂತಿದ್ದಾಗ ನನ್ನ ಬ್ಯಾಗಿನೊಳಗಿನ ನೀರಿನ ಬಾಟಲಿ ಗುಳುಗುಳು ಎಂದಿತು. ಪಕ್ಕದಲ್ಲಿದ್ದ ಹುಡುಗಿ ಅನುಮಾನದಿಂದ ನನ್ನ ಹೊಟ್ಟೆಯ ಕಡೆ ನೋಡಿದಳು. ನಾನು ಬಾಟಲಿಯನ್ನು ಹೊರಗೆ ತೆಗೆದು ತೋರಿಸಿ ಮಾನ ಉಳಿಸಿಕೊಂಡೆ. ತೆಗೆದ ಮೇಲೆ ಸುಮ್ಮನೆ ಯಾಕೆ ಒಳಗಿಡುವುದೆಂದು ನಾಲ್ಕು ಗುಟುಕು ಕುಡಿದೆ. ಕೆಲಸಕ್ಕೆ ಹೊರಟವಳು, ಬಸ್ಸು ಹತ್ತುವ ಮೊದಲು, ರಸ್ತೆಯಲ್ಲಿ ನಿಂತು ನೀರು ಕುಡಿಯುವುದು! ನಿಮಗೆ ಇದರಲ್ಲಿ ಏನೂ ವಿಶೇಷ ಕಾಣಲಿಕ್ಕಿಲ್ಲ. ಹಾಗಿದ್ದರೆ ನೀವು ಬೆಳಗಿನ ಹೊತ್ತು ರಿಂಗ್ ರೋಡಿನ ಬಸ್ಸಿನಲ್ಲಿ ಕೂತು, ಸಿಲ್ಕ್ ಬೋರ್ಡ್ ದಾಟಿ ಬೆಳ್ಳಂದೂರಿಗೆ ಹೋದವರಲ್ಲ.

ನಾನು ವರ್ಷಗಟ್ಟಲೆ ಹೋದವಳು. ಊರಿನ ಪಶ್ಚಿಮದ ಅಂಚಿನಲ್ಲಿ ಮನೆ, ಪೂರ್ವದ ಅಂಚಿನಲ್ಲಿ ಆಫೀಸು. ಸೂರ್ಯ ಹುಟ್ಟುವ ಕಡೆಗೆ ಹೋಗಿ ಮುಳುಗುವ ಕಡೆಗೆ ವಾಪಸ್ಸು ಬರುವ ಈ ಪ್ರಯಾಣ ಕೇಳಲು ಕಾವ್ಯದಂತಿದೆ. ಎರಡು ಹೊತ್ತೂ ಬಿಸಿಲು ಮುಖಕ್ಕೇ ಹೊಡೆಯುತ್ತದೆ ಎನ್ನುವುದು ಅದರ ಗದ್ಯಾನುವಾದ. ಬೆನ್ನು ನೋವು ಬಂತು, ತಲೆನೋವು ಬಂತು, ಮಧ್ಯೆ ಬೇರೆ ಬೇರೆ ಮ್ಯಾನೇಜರುಗಳು ಬಂದು ಹೋದರು. ಬೆನ್ನು ನೋವು ಮಾತ್ರ ಹೋಗಲಿಲ್ಲ.

ನಮ್ಮ ಬಸ್ಸಿನ ಹೆಂಗಸರಲ್ಲಿ ಒಂದು ವ್ರತ ಇತ್ತು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ, ಎಲ್ಲರೂ ಆಚರಿಸುತ್ತಿದ್ದದ್ದು. ಮನೆಯಲ್ಲಿ ಎದ್ದಾಗಿನಿಂದ ಆಫೀಸು ಮುಟ್ಟುವ ತನಕ ಹನಿ ನೀರು ಕುಡಿಯಬಾರದು. ಕಾಫಿಯೂ ಅರ್ಧ ಲೋಟ. ಕುಡಿದರೆ ನಡುದಾರಿಯಲ್ಲಿ ಎಲ್ಲಿ ಇಳಿಯುವುದು? ಇಳಿದರೂ ಸೀಟು ಹೋಯಿತು, ಮುಂದಿನ ಬಸ್ಸಿನಲ್ಲಿ ಒಂಟಿಕಾಲಿನ ತಪಸ್ಸು, ಆಫೀಸಿನಲ್ಲಿ ಬೆರಳೊತ್ತುವ ಹಾಜರಿ ಯಂತ್ರದ, ತಡವಾಯಿತೆನ್ನುವ ಕೆಂಪು ದೀಪ. ಆದ್ದರಿಂದ ಲೋಕದ ಜನರಿಗೆ ವರ್ಷಕ್ಕೊಮ್ಮೆ ಬರುವ ನಿರ್ಜಲ ಏಕಾದಶಿ ನಮಗೆ ಸೋಮವಾರದಿಂದ ಶನಿವಾರದವರೆಗೆ. ಆ ಲೆಕ್ಕದಲ್ಲಿ ನಮಗೆಲ್ಲ ಮೋಕ್ಷ ಎಂದೋ ಸಿಗಬೇಕಿತ್ತು. ಸಿಕ್ಕಿದ್ದು ಉರಿಮೂತ್ರ.

ಮೂವರು ಕೂರುವ ಸೀಟಿನಲ್ಲಿ ನಾನು ನಡುವೆ. ಕಿಟಕಿಯ ಪಕ್ಕ ಜಯಮ್ಮ, ಉಲ್ಲಾಳದ ಹಳೆಯ ಒಕ್ಕಲು ಮನೆಯವರು, ನನಗಿಂತ ಒಂದು ಸ್ಟಾಪು ಮೊದಲೇ ಹತ್ತುವವರು. ಕೆಲಸಕ್ಕೆ ಹೋಗುವ ಮಗಳ ಮಗುವನ್ನು ನೋಡಿಕೊಳ್ಳಲು ಅವರು ದಿನವೂ ಬೆಳ್ಳಂದೂರಿಗೆ ಬರುತ್ತಿದ್ದರು. ಚಳಿಗಾಲವಿಡೀ ಅವರ ಮಡಿಲಿನಲ್ಲಿ ನೆನೆಸಿದ ಅವರೆಕಾಳಿನ ಡಬ್ಬಿ. ಬಸ್ಸು ಸಿಗ್ನಲ್ಲಿನಲ್ಲಿ ನಿಂತಷ್ಟು ಹೊತ್ತೂ ಅವರು ಕಾಳು ಹಿತಕುತ್ತಿದ್ದರು. ಕಿಟಕಿಯಾಚೆ ಒಂದು ಸೂಪರ್ ಮಾರ್ಕೆಟ್ಟು ಕಂಡಾಗಲೆಲ್ಲ, "ಅದೋ, ಆ ಬಿಲ್ಲಿಂಗ್ ಮಾಡ್ತಾರಲ್ಲ, ಅಲ್ಲೇ ನಮ್ ಅವರೆಸಾಲು ಇದ್ದಿದ್ದು. ಈಗ ಅಲ್ಲೇ ದುಡ್ ಕೊಟ್ಟು ತಗೋಬೇಕು," ಎಂದು ನಗುತ್ತಿದ್ದರು. ಸಂಕಟದ ಮಾತನ್ನು ಅಷ್ಟು ಗಟ್ಟಿಯಾಗಿ ನಗುತ್ತ ಹೇಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನ್ನ ಇನ್ನೊಂದು ಪಕ್ಕ ರೇಣುಕಾ, ಗದಗದ ಕಡೆಯ ಹುಡುಗಿ. ಗಂಡನಿಗೆ ಕೆಂಗೇರಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಮನೆಯನ್ನು ಇಲ್ಲಿ ಹೂಡಿದ್ದಳು. ಅವಳಿಗೆ ಕೆಲಸ ಸಿಕ್ಕಿದ್ದು ಬೆಳ್ಳಂದೂರಿನ ಒಂದು ಆಸ್ಪತ್ರೆಯ ಕೌಂಟರಿನಲ್ಲಿ. ಆಸ್ಪತ್ರೆಯಲ್ಲಿ ದಿನವಿಡೀ ಕೂತು ಊರಿನವರ ಕಾಯಿಲೆಗಳನ್ನೆಲ್ಲ ಕಂಪ್ಯೂಟರಿಗೆ ತುಂಬುತ್ತಿದ್ದವಳಿಗೆ ಒಂದು ದಿನ ತನ್ನದೇ ಹೆಸರು ತುಂಬಬೇಕಾಯಿತು. ಪಕ್ಕೆ ಹಿಡಿದುಕೊಂಡು ಕುರ್ಚಿಯಿಂದ ಬಿದ್ದಿದ್ದಳು. ಕಿಡ್ನಿಯಲ್ಲಿ ಕಲ್ಲು. ಡಾಕ್ಟರು, "ಹಗಲೆಲ್ಲ ನೀರು ಕುಡೀತಾನೇ ಇರಬೇಕು. ಇಲ್ಲಾಂದ್ರೆ ಕಲ್ಲಿನ ಜೊತೆ ಕಿಡ್ನೀನೂ ಹೋಗತ್ತೆ. ಇಲ್ಲ ಮನೆ ಬದಲಾಯಿಸಿ, ಇಲ್ಲ ಕೆಲಸ ಬದಲಾಯಿಸಿ," ಎಂದರಂತೆ. ಮನೆ ಬದಲಾಯಿಸಿದರೆ ಗಂಡ ಇದೇ ರೋಗಕ್ಕೆ ಬೀಳಬೇಕು. ಕೆಲಸ ಬಿಟ್ಟರೆ ಮನೆ ನಡೆಯುವುದಿಲ್ಲ.

ಅವಳು ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತ ಹೇಳಿದ ಮಾತು ನನಗೆ ಮರೆತಿಲ್ಲ. "ನಮ್ಮೂರಾಗ ಕುಡಿಯಾಕ ನೀರ್ ಇರ್ತಿರಲಿಲ್ರಿ ಅಕ್ಕಾ. ಇಲ್ಲಿ ನೀರ್ ಐತಿ, ಕುಡಿಯಾಕ ಧೈರ್ಯ ಇಲ್ಲ."

"ಕುಡಿಯಮ್ಮಿ ನೀನು," ಎಂದರು ಜಯಮ್ಮ. "ಆಮೇಲಿಂದು ನಾನ್ ನೋಡ್ಕೋತೀನಿ."

ಇವರೇನು ನೋಡಿಕೊಳ್ಳುತ್ತಾರೆ ಎಂದು ನನಗೆ ಒಳಗೊಳಗೇ ನಗು. ರೇಣುಕಾ ಕುಡಿದಳು. ನಾಯಂಡಹಳ್ಳಿ ದಾಟುವಾಗ ಮುಖ ಬಾಡಿತು, ಬನಶಂಕರಿ ಬರುವಷ್ಟರಲ್ಲಿ ಕಣ್ಣಲ್ಲಿ ನೀರು. ಬಸ್ಸು ಎಂದಿನ ಜಾಗದಲ್ಲಿ ಎಂದಿನಂತೆ ನಿಂತಿತ್ತು. ಆ ಸಿಗ್ನಲ್ಲಿಗೆ ಸ್ವಲ್ಪ ಮೊದಲೇ ಒಂದು ಕಲ್ಯಾಣ ಮಂಟಪ, ಅದರ ಬಾಗಿಲಿಗೆ ಬಾಳೆಕಂದು, ಒಳಗೆ ವಾಲಗ. ಜಯಮ್ಮ ಅವರೆಕಾಳಿನ ಡಬ್ಬಿಯನ್ನು ಸೀಟಿನ ಮೇಲಿಟ್ಟು, ನಮ್ಮಿಬ್ಬರನ್ನೂ ಎಬ್ಬಿಸಿಕೊಂಡು ಎದ್ದರು.

"ಆಂಟಿ, ಎಲ್ಲಿಗೆ?" ಎಂದ ಕಂಡಕ್ಟರು.

"ಮದ್ವೆಗೆ ಕಣಪ್ಪ. ನೀನ್ ಸಿಗ್ನಲ್ ದಾಟೋ ಹೊತ್ಗೆ ಬರ್ತೀವಿ. ಸೀಟು ನೋಡ್ಕೋ."

ನಡುದಾರಿಯಲ್ಲಿ ಬಸ್ಸಿನಿಂದ ಇಳಿದು ಮತ್ತೆ ಅದೇ ಬಸ್ಸು ಹತ್ತುವ ಸೌಭಾಗ್ಯ ಪ್ರಪಂಚದ ಬೇರೆ ಯಾವ ಊರಿನವರಿಗಿದೆಯೋ ನಾನರಿಯೆ. ನಮ್ಮ ಟ್ರಾಫಿಕ್ಕು ನಮಗೆ ಮಾಡಿದ ಒಂದೇ ಉಪಕಾರ ಅದು. ಬಾಗಿಲಲ್ಲಿ ಪನ್ನೀರು ಚಿಮುಕಿಸಿ ಕಲ್ಲುಸಕ್ಕರೆ ಕೊಟ್ಟ ಹುಡುಗಿ, "ಗಂಡಿನ ಕಡೆಯವ್ರಾ, ಹೆಣ್ಣಿನ ಕಡೆಯವ್ರಾ?" ಎಂದು ಕೇಳಿದಳು. "ಎರಡೂ ಕಡೆಗೂ ಬೇಕಾದೋರು ಕಣವ್ವ, ಕೈ ತೊಳಿಯೋ ಕಡೆ ಎಲ್ಲಿ?" ಎಂದರು ಜಯಮ್ಮ. ನಾವು ಹೊರಗೆ ಬಂದಾಗ ಬಸ್ಸು ಮೆಟ್ರೋ ಕಂಬದ ಪಕ್ಕದಲ್ಲಿ ನಮಗಾಗಿಯೇ ಎಂಬಂತೆ ಆಕಳಿಸುತ್ತ ನಿಂತಿತ್ತು. ರೇಣುಕಾಳ ಮುಖ ಮದುಮಗಳ ಮುಖಕ್ಕಿಂತ ಹೊಳೆಯುತ್ತಿತ್ತು.

ಅಂದಿನಿಂದ ನಾವು ಮುಹೂರ್ತದವರಾದೆವು. ರೇಣುಕಾ ಹಾದಿಯುದ್ದಕ್ಕೂ ಕುಡಿಯುತ್ತಿದ್ದಳು, ಜೊತೆಗೆ ನಾನೂ. ಗುರುತು ಪರಿಚಯ ಇಲ್ಲದ ಎಷ್ಟೋ ದಂಪತಿಗಳಿಗೆ ದೂರದಿಂದ ಅಕ್ಷತೆ ಹಾಕಿದೆ. ತಲೆಯಲ್ಲಿ ಅಕ್ಷತೆ, ಸೀರೆಯಲ್ಲಿ ಪನ್ನೀರಿನ ವಾಸನೆ ಹೊತ್ತು ಆಫೀಸಿಗೆ ಹೋದರೆ, ನಿಮ್ಮದು ಎಷ್ಟು ದೊಡ್ಡ ಕುಟುಂಬ ಎಂದು ಮ್ಯಾನೇಜರು ಬೆರಗಾಗುತ್ತಿದ್ದರು. ಮದುವೆ ಇಲ್ಲದ ದಿನಗಳಿಗೂ ಜಯಮ್ಮ ದಾರಿ ಹುಡುಕಿದ್ದರು. ಮೊಮ್ಮಗಳ ಮದುವೆಗೆ ಮಂಟಪ ನೋಡಬೇಕು ಎಂದು ಕಾವಲಿನ ಹೆಂಗಸಿಗೆ ಹೇಳಿ ಬಾಗಿಲು ತೆಗೆಸುತ್ತಿದ್ದರು. ಮೊಮ್ಮಗಳಿಗೆ ಆಗಿನ್ನೂ ಹಲ್ಲು ಬರುತ್ತಿತ್ತು.

ಟ್ರಾಫಿಕ್ಕನ್ನು ನಾವು ಹೆತ್ತತಾಯಿಯಂತೆ ನಂಬಿದ್ದೆವು. ಅದೇ ನಮ್ಮ ತಪ್ಪು. ಒಂದು ದಿನ ನಾವು ಮಂಟಪದೊಳಗಿದ್ದಾಗ, ಯಾರೋ ದೊಡ್ಡ ಮನುಷ್ಯರು ಬರುತ್ತಾರೆಂದು ಪೊಲೀಸರು ಸೀಟಿ ಊದಿ ವಾಹನಗಳನ್ನೆಲ್ಲ ಮುಂದಕ್ಕೆ ಓಡಿಸಿಬಿಟ್ಟರು. ಹೊರಗೆ ಬಂದು ನೋಡಿದರೆ ರಿಂಗ್ ರೋಡು ಖಾಲಿ. ಅಷ್ಟು ಅಗಲವಾದ ರಸ್ತೆ ಅದೆಂದು ನನಗೆ ಗೊತ್ತಾದದ್ದೇ ಅವತ್ತು. ಬಸ್ಸಿಲ್ಲ. ಬ್ಯಾಗು, ಫೋನು, ಅವರೆಕಾಳು ಎಲ್ಲವೂ ಬಸ್ಸಿನಲ್ಲಿ.

ರೇಣುಕಾ ಫುಟ್‌ಪಾತಿನ ಮೇಲೆ ಕುಸಿದು ಕೂತಳು. ಇನ್ನೊಂದು ಸಲ ತಡವಾದರೆ ಬರಬೇಡ ಎಂದು ಆಸ್ಪತ್ರೆಯಲ್ಲಿ ಹಿಂದಿನ ದಿನವಷ್ಟೇ ಹೇಳಿದ್ದರು. "ಸಾಕ್ರಿ ಅಕ್ಕಾ. ನಾಳಿಂದ ನೀರ್ ಕುಡಿಯಂಗಿಲ್ಲ. ಕಿಡ್ನಿ ಹೋದ್ರ ಹೋಗ್ಲಿ," ಎಂದು ಅತ್ತಳು. ಆಗ ನನಗೆ ನಿಜವಾಗಿ ಭಯವಾಯಿತು. ಅವಳು ಹೇಳಿದ್ದನ್ನು ಮಾಡುವ ಹುಡುಗಿ.

ಬೇರೇನೂ ತೋಚದೆ ಅವಳನ್ನು ಎಬ್ಬಿಸಿ ಮುಂದೆ ನಡೆಸಿಕೊಂಡು ಹೊರಟೆವು. ರಸ್ತೆಯ ತಿರುವು ದಾಟಿದ್ದೇ ತಡ, ದೂರದಲ್ಲಿ ನಮ್ಮ ಬಸ್ಸು! ಎಡಕ್ಕೆ ಸರಿದು, ದೀಪಗಳನ್ನು ಮಿಟುಕಿಸುತ್ತ ನಿಂತಿದೆ. ಎಲ್ಲ ಕಿಟಕಿಗಳಿಂದಲೂ ತಲೆಗಳು, ಕೈಗಳು. "ಅಲ್ಲಿ ಬಂದ್ರು! ಬಂದ್ರು!" ಎಂದು ಕೂಗು. ದಿನವೂ ಕಿವಿಗೆ ಬಿರಡೆ ಹಾಕಿಕೊಂಡು, ಎದುರಿಗೆ ಆನೆ ಬಂದರೂ ಕತ್ತೆತ್ತದ ಹುಡುಗನೊಬ್ಬ ಬಾಗಿಲಲ್ಲಿ ಜೋತುಬಿದ್ದು, "ಆಂಟಿ, ಓಡ್ಬೇಡಿ, ಮೆಲ್ಲಗೆ ಬನ್ನಿ, ಇರ್ತೀವಿ!" ಎಂದು ಕೈಬೀಸುತ್ತಿದ್ದ. ನಾವು ಓಡಿದೆವು. ಹೆಂಗಸರು ಸೆರಗು ಕಟ್ಟಿಕೊಂಡು ರಿಂಗ್ ರೋಡಿನಲ್ಲಿ ನಗುತ್ತ ಓಡುವುದನ್ನು ದೊಡ್ಡ ಮನುಷ್ಯರ ಕಾರು ನೋಡಿಕೊಂಡು ಹೋಯಿತು. ಅಪರೂಪಕ್ಕೆ ರಸ್ತೆ ಖಾಲಿಯಾದ್ದರಿಂದ ಉಳಿದ ಸಮಯವನ್ನೆಲ್ಲ, ತಮಗೂ ಕೆಂಪು ದೀಪದ ಭಯ ಇದ್ದವರೇ, ನಮಗಾಗಿ ಕಾದು ಕಳೆದಿದ್ದರು.

"ಮದುವೆಗೆ ಹೋದೋರು ನಮ್ಗೇನೂ ತಂದಿಲ್ವಾ?" ಎಂದ ಕಂಡಕ್ಟರು. ಜಯಮ್ಮ ಸೆರಗಿನ ಗಂಟು ಬಿಚ್ಚಿದರು. ಒಳಗೆ ಲಾಡು. ಇದು ಯಾವಾಗ ನಡೆಯಿತೋ ನನಗೂ ಗೊತ್ತಿರಲಿಲ್ಲ.

ರೇಣುಕಾ ಅವತ್ತು ಹೊತ್ತಿಗೆ ಸರಿಯಾಗಿಯೇ ಆಸ್ಪತ್ರೆ ಮುಟ್ಟಿದಳು. ಮರುದಿನ ಮಂಟಪ ಬರುತ್ತಲೇ ಕಂಡಕ್ಟರು ತಾನಾಗಿ, "ಮದುವೆಯವ್ರು ಇಳ್ಕೊಳ್ಳಿ! ಬಿಟ್ಟೋಗಲ್ಲ, ಬನ್ನಿ!" ಎಂದು ಕೂಗಿದ. ನಾವು ಎದ್ದೆವು. ಹಿಂದಿನ ಸೀಟಿನ ಟೀಚರು ಎದ್ದರು. ನಿಂತುಕೊಂಡೇ ಹೋಗುತ್ತಿದ್ದ ಇಬ್ಬರು ಎದ್ದವರ ಹಿಂದೆ ಬಂದರು. ಅಷ್ಟು ಜನ ಅಷ್ಟು ದಿನ ಬಾಯಾರಿಕೊಂಡು ಪಕ್ಕಪಕ್ಕದಲ್ಲೇ ಕೂತಿದ್ದೆವಲ್ಲ ಎಂದು ನಮಗೆಲ್ಲ ಆಶ್ಚರ್ಯ.

ಆಮೇಲೆ ನನಗೆ ಮನೆಗೆ ಹತ್ತಿರದ ವಿಜಯನಗರದ ಆಫೀಸಿಗೆ ವರ್ಗವಾಯಿತು. ಮನೆಯಲ್ಲಿ ಪಾಯಸ ಮಾಡಿದರು. ಬೆನ್ನು ನೋವು ಹೋಯಿತು, ನಿದ್ದೆ ಬಂತು, ನೀರು ಬೇಕೆಂದಾಗ ಬೇಕಾದಷ್ಟು. ಆದರೆ ಒಂದು ತಿಂಗಳಲ್ಲಿ ನನ್ನ ಯಜಮಾನರು, "ನೀನು ಬೆಳ್ಳಂದೂರಿಗೇ ಹೋಗ್ತಿದ್ರೆ ಚೆನ್ನಾಗಿತ್ತು ಕಣೇ," ಎಂದರು. ಆಫೀಸಿನ ಸಿಟ್ಟನ್ನೆಲ್ಲ ಮೊದಲು ಜಯಮ್ಮನ ಮಡಿಲಿಗೆ ಸುರಿದು ಹಗುರಾಗಿ ಮನೆಗೆ ಬರುತ್ತಿದ್ದೆ. ಈಗ ಅದು ಬಿಸಿಯಾರದೆ ಮನೆ ಮುಟ್ಟುತ್ತಿತ್ತು. ಮೈ ಸುಧಾರಿಸಿತು, ನಗು ಮಾತ್ರ ಬಸ್ಸಿನಲ್ಲೇ ಉಳಿದುಬಿಟ್ಟಿತ್ತು. ಇದಕ್ಕೆ ಯಾವ ಡಾಕ್ಟರಿಗೆ ತೋರಿಸುವುದು ಹೇಳಿ.

ಇದೆಲ್ಲ ನೆನೆಯುತ್ತ ಬಾಟಲಿ ಹಿಡಿದು ನಿಂತಿದ್ದೆನಲ್ಲ, ಅಷ್ಟರಲ್ಲಿ ಬೆಳ್ಳಂದೂರಿನ ಬಸ್ಸು ಬಂತು. ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ ರೇಣುಕಾ ಇಡೀ ಉಲ್ಲಾಳಕ್ಕೆ ಕೇಳುವಂತೆ ಕೂಗಿದಳು: "ಅಕ್ಕಾ! ನಿನ್ನೆ ಸ್ಕ್ಯಾನ್ ಮಾಡಿದ್ರು! ಕಲ್ಲಿಲ್ಲಂತ! ಒಂದೂ ಇಲ್ಲಂತ!" ಬಸ್ಸಿನೊಳಗೆ ಯಾರೋ ಚಪ್ಪಾಳೆ ತಟ್ಟಿದರು. ಅವಳ ಹಿಂದಿನಿಂದ ಜಯಮ್ಮನ ದನಿ: "ಏನಮ್ಮಿ ನಿಂತ್ಕೊಂಡೇ ನೋಡ್ತೀಯ?"

ಹಿಂದೆಯೇ ವಿಜಯನಗರದ ಬಸ್ಸೂ ಬಂದು ನಿಂತಿತ್ತು. ಅದನ್ನು ನೋಡಿದೆ, ಇದನ್ನು ಹತ್ತಿದೆ. ಜಯಮ್ಮ ಅವರೆಕಾಳಿನ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡು ನಡುವಿನ ಜಾಗ ಬಿಟ್ಟರು. ಕೂತು, ಆಫೀಸಿಗೆ ಫೋನು ಮಾಡಿ ಇವತ್ತು ರಜೆ ಬೇಕು ಎಂದೆ.

"ಏನ್ ಮೇಡಂ ದಿಢೀರಂತ?" ಎಂದರು ಮ್ಯಾನೇಜರು.

"ಮದುವೆ ಇದೆ ಸಾರ್."

"ಹತ್ತಿರದವ್ರದಾ?"

"ತುಂಬಾ ಹತ್ತಿರದವ್ರದು ಸಾರ್," ಎಂದು ಹೇಳಿ, ಬಾಟಲಿಯಲ್ಲಿದ್ದ ನೀರನ್ನೆಲ್ಲ ಒಂದೇ ಗುಕ್ಕಿಗೆ ಕುಡಿದೆ.